ಕ್ರೀಡೆಯಲ್ಲಿ ತೊಡಗುವ ಮಕ್ಕಳಿಗೆ ಯೋಗ್ಯ ಪಾನೀಯಗಳ ಆಯ್ಕೆ

(ಪೋಷಕರು ಹಾಗೂ ದೈಹಿಕ ಶಿಕ್ಷಣ ಶಿಕ್ಷಕರ ಮಾಹಿತಿಗಾಗಿ)

ಕಬಡ್ಡಿ, ಖೋ-ಖೋ, ಓಟ ಮುಂತಾದ ಆಟಗಳ ಒಂದು ಗಂಟೆಯೊಳಗಿನ ಅಭ್ಯಾಸಕ್ಕೆ ಶುದ್ಧ ಕುಡಿಯುವ ನೀರಿನ ಹೊರತು ಬೇರೆ ಪಾನೀಯದ ಅವಶ್ಯಕತೆ ಇರುವುದಿಲ್ಲ. ಆಟದ ಭರದಲ್ಲಿ ಮಕ್ಕಳು ಬಾಯಾರಿಕೆಯನ್ನು ಮರೆಯುತ್ತಾರೆ. ಆದುದರಿಂದ ಆಟಕ್ಕೆ ಮೊದಲೇ ನೀರು ಕುಡಿಸಿ, ನಂತರ 20 ನಿಮಿಷಗಳಿಗೊಮ್ಮೆ ವಿರಾಮ ನೀಡತಕ್ಕದ್ದು. 9ರಿಂದ 12 ವರ್ಷದವರಿಗೆ ಪ್ರತಿ ವಿರಾಮದಲ್ಲಿ 100ರಿಂದ 250 ಮಿ.ಲೀ. ನೀರು ಸಾಕಾಗುತ್ತದೆ.

ಬೇಸಿಗೆ ಶಿಬಿರ, ದಿನವಿಡೀ ನಡೆಯುವ ಪಂದ್ಯಾವಳಿಗಳಲ್ಲಿ ಬೆವರಿನೊಡನೆ ಉಪ್ಪಿನಂಶವೂ ನಷ್ಟವಾಗುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿನಷ್ಟೇ ಕರಾವಳಿಯ ಸೆಕೆಯೂ ಮಕ್ಕಳನ್ನು ಬಳಲಿಸುತ್ತದೆ. ಇಂತಹ ಸಂದರ್ಭದಲ್ಲಿ ಉಪ್ಪು ಬೆರೆಸಿದ ನೀರುಮಜ್ಜಿಗೆ ಉತ್ತಮ. ಮಜ್ಜಿಗೆ ಬೆರೆಸಿದ ತೆಳುವಾದ ರಾಗಿ ಅಂಬಲಿಯನ್ನು ಆಟ ಮುಗಿದ ಮೇಲೆ ನೀಡಬಹುದು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದರೂ ಸೋಡಿಯಂ ಕಡಿಮೆ. ಬಹಳ ಬೆವರಿದ ಮಗುವಿಗೆ ಅದೊಂದೇ ಸಾಲದು.

ಮಾರುಕಟ್ಟೆಯ ಕ್ರೀಡಾ ಪಾನೀಯಗಳಲ್ಲಿ ಸಾಮಾನ್ಯವಾಗಿ ಅರ್ಧ ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರೇಳು ಚಹಾ ಚಮಚದಷ್ಟು, ಇರುತ್ತದೆ. 'ಎನರ್ಜಿ ಡ್ರಿಂಕ್'ಗಳ ವಿಷಯವೇ ಬೇರೆ. ಇವುಗಳಲ್ಲಿ ಲೀಟರಿಗೆ 300 ಮಿ.ಗ್ರಾಂ. ವರೆಗೆ ಕೆಫೀನ್ ಇರಬಹುದಾಗಿದ್ದು, ಮಕ್ಕಳಿಗೆ ಯೋಗ್ಯವಲ್ಲವೆಂಬ ಎಚ್ಚರಿಕೆಯನ್ನು ಲೇಬಲಿನ ಮೇಲೆಯೇ ಮುದ್ರಿಸುವುದು ಕಡ್ಡಾಯ. ಆ ಸಾಲು ಸಣ್ಣ ಅಕ್ಷರಗಳಲ್ಲಿರುವುದರಿಂದ ಹುಡುಕಿ ಓದಬೇಕಾಗುತ್ತದೆ.

ಓ.ಆರ್.ಎಸ್. ಕುರಿತು ಪೋಷಕರು ವಿಶೇಷವಾಗಿ ಗಮನಿಸತಕ್ಕದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ದ್ರಾವಣದಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಹಾಗೂ 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಸಕ್ಕರೆ ಹೆಚ್ಚಿರುವ ಹಣ್ಣಿನ ಪಾನೀಯಗಳು ಇದೇ ಹೆಸರನ್ನು ಹೊತ್ತು ಹಲವು ವರ್ಷ ಮಾರಾಟವಾದವು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಆಹಾರ ಉತ್ಪನ್ನಗಳ ಹೆಸರಿನಲ್ಲಿ ಈ ಪದದ ಬಳಕೆಯನ್ನು ತಡೆಯಿತು. ವಾಂತಿ-ಭೇದಿಯಾದ ಮಗುವಿಗೆ ಅಂತಹ ಸಿಹಿ ಪಾನೀಯ ಕುಡಿಸಿದರೆ ಭೇದಿ ಉಲ್ಬಣಿಸಬಹುದು. ನಿಜವಾದ ಓ.ಆರ್.ಎಸ್. ಸಹ ನಿರ್ಜಲೀಕರಣದ ಚಿಕಿತ್ಸೆಗೆ ಮೀಸಲಾದುದೇ ಹೊರತು ನಿತ್ಯದ ಆಟದ ಪಾನೀಯವಲ್ಲ.

2020ರ ನಿಯಮಾವಳಿಯ ಪ್ರಕಾರ ಕೊಬ್ಬು, ಉಪ್ಪು ಅಥವಾ ಸಕ್ಕರೆ ಅಧಿಕವಾಗಿರುವ ಆಹಾರ, ಪಾನೀಯಗಳನ್ನು ಶಾಲಾ ಆವರಣದಲ್ಲಾಗಲಿ, ಶಾಲೆಯ ಗೇಟಿನಿಂದ 50 ಮೀಟರ್ ಒಳಗಾಗಲಿ ಶಾಲಾ ಮಕ್ಕಳಿಗೆ ಮಾರುವಂತಿಲ್ಲ.

ಮೂತ್ರ ಗಾಢ ಹಳದಿಯಾಗಿದ್ದಲ್ಲಿ ನೀರು ಸಾಲದೆಂದು ತಿಳಿಯುವುದು. ತಲೆಸುತ್ತು ಬಂದಲ್ಲಿ ಆಟ ನಿಲ್ಲಿಸಿ ಮಗುವನ್ನು ನೆರಳಿಗೆ ಕರೆತರತಕ್ಕದ್ದು. ಮಾತು ತೊದಲಿದರೆ ಅಥವಾ ಪ್ರಜ್ಞೆ ಮಂಕಾದರೆ ಬಾಯಿಗೆ ಏನನ್ನೂ ಹಾಕದೆ, ಮೈಯನ್ನು ತಣ್ಣೀರಿನಿಂದ ತೋಯಿಸುತ್ತಾ, ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.