ಭದ್ರೆಯ ತವರಿನಲ್ಲಿ

ಋಷಿಮೂಲ, ನದೀಮೂಲ ಕೇಳಬಾರದು ಎಂದು ಹಿರಿಯರು ಹೇಳುತ್ತಾರೆ. ಇತಿಹಾಸದ ಪಾಠ ಮಾಡುವವರಿಗೆ ಈ ಮಾತನ್ನು ಪಾಲಿಸುವುದು ಕಷ್ಟ. ಮೂಲವನ್ನು ಕೇಳದೆ ನಮ್ಮ ಪಾಠ ಮುಂದೆ ಸಾಗುವುದೇ ಇಲ್ಲ. ಅದರಲ್ಲೂ ಭದ್ರಾವತಿಯಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಭದ್ರೆಯ ಮೂಲ ಬರಿಯ ಕುತೂಹಲದ ವಿಷಯವಲ್ಲ. ನಮ್ಮೂರು ಕುಡಿದದ್ದು ಆ ಹೊಳೆಯ ನೀರು, ಉಂಡದ್ದು ಕಬ್ಬಿಣದ ಅನ್ನ. 1923ರಲ್ಲಿ ಇಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗ ಅದಿರು ಕೆಮ್ಮಣ್ಣುಗುಂಡಿಯಿಂದ ಬಂದಿತು, ಇದ್ದಿಲು ಮಲೆನಾಡಿನ ಕಾಡುಗಳಿಂದ ಬಂದಿತು. ಆದ್ದರಿಂದ ಕಬ್ಬಿಣಕ್ಕೂ ಕಾಡಿಗೂ ಹೊಳೆಗೂ ಇರುವ ಲೆಕ್ಕ ನಮಗೆ ಮನೆಯ ಲೆಕ್ಕವಿದ್ದ ಹಾಗೆ. ಆ ಲೆಕ್ಕವನ್ನು ಕಣ್ಣಾರೆ ಓದಬೇಕೆಂದರೆ ಕುದುರೆಮುಖಕ್ಕೆ ಹೋಗಬೇಕು.

ಕಳೆದ ದಸರಾ ರಜೆಯಲ್ಲಿ ನಾವು ಆರು ಮಂದಿ ಶಿಕ್ಷಕಿಯರು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಚಾರಣಕ್ಕೆ ಹೊರಟೆವು. ನಮ್ಮಲ್ಲಿ ನಾಲ್ವರು ಐವತ್ತು ದಾಟಿದವರು. ಮೊಣಕಾಲು ನೋವಿನ ತೈಲ, ಚಿತ್ರಾನ್ನದ ಡಬ್ಬಿ, ಉಂಬಳಕ್ಕೆಂದು ಉಪ್ಪಿನ ಗಂಟು, ಎಲ್ಲವೂ ಚೀಲದಲ್ಲಿದ್ದವು. ಕಳಸದಲ್ಲಿ ರಾತ್ರಿ ತಂಗಿ, ಬೆಳಗ್ಗೆ ಜೀಪಿನಲ್ಲಿ ಮುಳ್ಳೋಡಿ ಎಂಬ ಹಳ್ಳಿಯನ್ನು ತಲುಪಿದೆವು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ, ಮಾರ್ಗದರ್ಶಿಯಿಲ್ಲದೆ ಅಲ್ಲಿಂದ ಮುಂದೆ ನಡೆಯುವಂತಿಲ್ಲ. ನಮ್ಮ ಜೊತೆಗೆ ಬಂದವನು ಅದೇ ಸೀಮೆಯ ಮೂವತ್ತರ ಆಸುಪಾಸಿನ ಹುಡುಗ. ಹೋಗಿ ಬರಲು ಸುಮಾರು ಇಪ್ಪತ್ತು ಕಿಲೋಮೀಟರು ನಡಿಗೆ, ಕತ್ತಲಾಗುವ ಮೊದಲು ಇಳಿದಿರಬೇಕು ಎಂದು ಮೊದಲೇ ಎಚ್ಚರಿಸಿದ.

ಶರದೃತುವಿನ ಮಲೆನಾಡನ್ನು ಕಂಡವರಿಗೇ ಗೊತ್ತು ಅದರ ಚೆಲುವು. ಮಳೆ ಹಿಂದೆ ಸರಿದಿರುತ್ತದೆ, ನೀರು ಮಾತ್ರ ಇನ್ನೂ ಬೆಟ್ಟದಲ್ಲೇ ಇರುತ್ತದೆ. ಆಳೆತ್ತರದ ಹುಲ್ಲು ತೆನೆಬಿಟ್ಟು ತೂಗುತ್ತಿತ್ತು. ಬಂಡೆಯ ಸಂದುಗಳಲ್ಲಿ ಕರ್ಣಕುಂಡಲದ ಜಾತಿಯ ನಸುಗೆಂಪು ಹೂಗಳಿದ್ದವು. ಬೆಟ್ಟದ ನೆತ್ತಿಯಲ್ಲಿ, ಗಾಳಿಗೆ ಮೈಯೊಡ್ಡಿದ ತೆಳು ಮಣ್ಣಿನ ಮೇಲೆ ಹುಲ್ಲು. ಎರಡು ಗುಡ್ಡ ಕೂಡುವ ತಗ್ಗಿನಲ್ಲಿ, ತೇವ ನಿಲ್ಲುವ ಕಡೆ, ಒತ್ತಾಗಿ ಬೆಳೆದ ಕುಳ್ಳು ಮರಗಳ ಕಾಡು. ಸೀರೆಯ ನೆರಿಗೆಯೊಳಗೆ ಬಣ್ಣ ಗಾಢವಾಗಿ ಕಾಣುವಂತೆ ಅದು ದೂರದಿಂದ ಕಾಣುತ್ತದೆ. ಇದಕ್ಕೆ ಶೋಲಾ ಕಾಡು ಎನ್ನುತ್ತಾರೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರು ಮಳೆ ಸುರಿಯುವ ನಾಡು ಇದು. ಹುಲ್ಲಿನ ಬೇರು, ಕಾಡಿನ ತರಗೆಲೆ ಆ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯವರೆಗೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ತಿಂಗಳ ಮೊದಲಿಗೆ ಬಂದ ಹಣವನ್ನು ಕೊನೆಯವರೆಗೆ ಸಾಗಿಸುವ ಗೃಹಿಣಿಯ ಜಾಣತನವೇ ಅದು. ಇದೇ ಉದ್ಯಾನದೊಳಗಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ಇಬ್ಬರು ಮೂಡಣಕ್ಕೆ, ಒಬ್ಬಳು ಪಡುವಣ ಕಡಲಿಗೆ.

ಈ ಬೆಟ್ಟಗಳ ಹೊಟ್ಟೆಯಲ್ಲಿ ಕಬ್ಬಿಣವಿದೆಯೆಂದು 1913ರಲ್ಲಿ ಪತ್ತೆಹಚ್ಚಿದವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್. ಅದನ್ನು ತೆಗೆಯುವ ಕಾಲ ಬಂದದ್ದು ಅರವತ್ತು ವರ್ಷಗಳ ಮೇಲೆ. 1975ರಲ್ಲಿ ಇರಾನಿನೊಡನೆ ಒಪ್ಪಂದವಾಯಿತು, 1976ರಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. 1979ರ ಕ್ರಾಂತಿಯಲ್ಲಿ ಇರಾನಿನ ಷಾ ಪದಚ್ಯುತನಾದ, ಆ ದೇಶ ಹಿಂದೆ ಸರಿಯಿತು. ಆದರೂ ಗಣಿ ನಿಲ್ಲಲಿಲ್ಲ. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸಿದರು. ಇಲ್ಲಿಯದು ಕಡಿಮೆ ದರ್ಜೆಯ ಅದಿರು. ಕಬ್ಬಿಣ ತೆಗೆದ ಮೇಲೆ ಉಳಿಯುವ ಹೂಳೇ ಅಪಾರ. ಅದನ್ನು ತಡೆಯಲು ಲಕ್ಯಾ ಹೊಳೆಗೆ ದೊಡ್ಡ ಅಣೆಕಟ್ಟೆ ಕಟ್ಟಿದರು. ಮಳೆಗಾಲದಲ್ಲಿ ಗಣಿಯ ಮಣ್ಣು ಕೊಚ್ಚಿಬಂದು ಭದ್ರೆಯನ್ನು ಸೇರುತ್ತಿತ್ತು.

ಗಣಿಯ ಪಕ್ಕದಲ್ಲೇ ಇನ್ನೊಂದು ಲೆಕ್ಕವೂ ನಡೆಯುತ್ತಿತ್ತು. 1980ರ ದಶಕದಲ್ಲಿ ಉಲ್ಲಾಸ ಕಾರಂತರು ಇಲ್ಲಿಯ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಈ ಕೋತಿ ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೆ ದಾಟುತ್ತಲೇ ಬದುಕುವುದರಿಂದ ಕಾಡು ತುಂಡಾದರೆ ಅದರ ಸಂಸಾರವೂ ತುಂಡಾಗುತ್ತದೆ. 1987ರಲ್ಲಿ ಸುಮಾರು 600 ಚದರ ಕಿಲೋಮೀಟರು ಪ್ರದೇಶ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. 1999ರಲ್ಲಿ ಗಣಿಯ ಗುತ್ತಿಗೆ ಮುಗಿದಾಗ, ಮುಂದುವರಿಸಬಾರದೆಂದು ಪರಿಸರಪ್ರಿಯರು ಹೋರಾಡಿದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಿನಲ್ಲಿ ನಡೆದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. 2005ರ ಕೊನೆಗೆ ಗಣಿ ನಿಂತಿತು.

ಪಠ್ಯಪುಸ್ತಕವಾದರೆ ಅಧ್ಯಾಯ ಇಲ್ಲಿಗೆ ಮುಗಿಯುತ್ತಿತ್ತು. ಒಂಟಿಮರದ ಬಳಿ ಡಬ್ಬಿ ಬಿಚ್ಚಿ ಕುಳಿತಾಗ ನಮ್ಮ ಮಾರ್ಗದರ್ಶಿ ಅದನ್ನು ಮುಂದುವರಿಸಿದ. ಅವನ ತಂದೆ ಗಣಿಯಲ್ಲಿ ಗುತ್ತಿಗೆಯ ಕೂಲಿಯಾಗಿದ್ದವರು. "ಗಣಿ ಇದ್ದಾಗ ಕೆಲಸ ಇತ್ತು, ಆಸ್ಪತ್ರೆ ಇತ್ತು ಮೇಡಂ. ಹೊಳೆ ಕೆಂಪಿತ್ತು. ಈಗ ಹೊಳೆ ತಿಳಿಯಾಗಿದೆ, ಹೆರಿಗೆ ನೋವು ಬಂದ್ರೆ ಜೀಪು ಹುಡುಕ್ಬೇಕು. ಮೇಲಿಂದ, ಇದು ಪಾರ್ಕು, ನೀವು ಯಾವಾಗ ಹೋಗ್ತೀರಿ ಅಂತ ಕೇಳ್ತಾರೆ" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ನಮ್ಮಲ್ಲಿ ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಉದ್ಯಾನದೊಳಗೆ ತಲೆಮಾರುಗಳಿಂದ ಬಾಳಿದ ಮಲೆಕುಡಿಯರು, ಗೌಡರು, ಇತರ ರೈತರು ಇದ್ದಾರೆ. ಒಕ್ಕಲೆಬ್ಬಿಸುವರೆಂಬ ಭಯ ಅವರನ್ನು ವರ್ಷಗಳ ಕಾಲ ಕಾಡಿತು. ಆ ಅಸಮಾಧಾನದ ನಡುವೆ ನಕ್ಸಲೀಯರು ಈ ಕಾಡಿಗೆ ಬಂದರು. 2003ರ ನವೆಂಬರಿನಲ್ಲಿ ಕಾರ್ಕಳ ಸೀಮೆಯ ಈದು ಎಂಬಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಯುವತಿಯರು ಸತ್ತರು. ಓದಿ, ಮದುವೆಯಾಗಿ, ಮನೆಮಂದಿಯೊಡನೆ ಇರಬಹುದಾಗಿದ್ದ ಹೆಣ್ಣುಮಕ್ಕಳು. ಕಾಡಿನ ಇತಿಹಾಸದಲ್ಲಿ ಅವರಿಗೂ ಒಂದು ಸಾಲು ಸಲ್ಲಬೇಕು.

ಸುಮಾರು 1,890 ಮೀಟರು ಎತ್ತರದ ಶಿಖರದಲ್ಲಿ ನಿಂತಾಗ ಪಡುವಣದ ಕಡೆ ಮೋಡ ಸರಿದು ಕರಾವಳಿ ಕಾಣಿಸಿತು. ಕುದುರೆಯ ಮುಖದಂತಿರುವ ಈ ಬೆಟ್ಟ ಸಮುದ್ರದಲ್ಲಿ ಬರುವ ನಾವಿಕರಿಗೆ ಗುರುತಾಗಿತ್ತಂತೆ. ಮರುದಿನ ಗಣಿಯವರ ಊರನ್ನು ಹಾದು ಬಂದೆವು. ಸಾಲುಸಾಲು ಖಾಲಿ ಮನೆಗಳ ಗೋಡೆಗೆ ಪಾಚಿ ಹತ್ತಿತ್ತು. ಒಂದು ಅಂಗಳದಲ್ಲಿ ಯಾರೋ ಗೃಹಿಣಿ ನೆಟ್ಟ ದಾಸವಾಳ ಹೂ ಬಿಟ್ಟಿತ್ತು. ಕಾರ್ಖಾನೆಯ ಊರಿನಲ್ಲಿ ಬೆಳೆದ ನನಗೆ ಆ ಹೂವನ್ನು ನೋಡಲಾಗಲಿಲ್ಲ.

ಗಣಿ ನಿಂತದ್ದು ಸರಿ ಎಂದೇ ನಾನು ನಂಬುತ್ತೇನೆ. ಕಬ್ಬಿಣ ಬೇರೆ ಕಡೆ ಸಿಗಬಹುದು, ಭದ್ರೆ ಬೇರೆ ಕಡೆ ಹುಟ್ಟುವುದಿಲ್ಲ. ಆದರೆ ಹೊಳೆ ತಿಳಿಯಾದದ್ದರ ಲಾಭ ಭದ್ರಾವತಿ, ದಾವಣಗೆರೆಯ ಕಡೆಯ ನಮಗೆ. ಅದರ ಬೆಲೆ ತೆತ್ತವರು ಮೇಲಿನ ಹಳ್ಳಿಗಳವರು. ಅಲ್ಲಿ ಉಳಿಯುವವರಿಗೆ ರಸ್ತೆ, ದಾದಿ, ಶಾಲೆ ಬೇಕು. ಹೊರಡುವವರಿಗೆ ನ್ಯಾಯವಾದ ಪರಿಹಾರ ಬೇಕು. ಲಕ್ಯಾ ಅಣೆಕಟ್ಟೆಯ ಹಿಂದಿನ ಹೂಳಿಗೆ ಎಂದೆಂದಿಗೂ ಕಾವಲು ಬೇಕು. ಬೆಳಗ್ಗೆ ನಲ್ಲಿ ತಿರುಗಿಸಿ ಬಿಂದಿಗೆ ತುಂಬಿಸಿಕೊಳ್ಳುವ ನಾವು ಈ ಋಣವನ್ನು ನೀರಿನ ಕಂದಾಯದಲ್ಲಿ ತೀರಿಸಿದೆವೆಂದು ತಿಳಿಯಬಾರದು.