ದಮ್ಮಿನ ರೋಗಿಗೆ ದೂರದ ದನಿ

ನನ್ನ ದೊಡ್ಡ ಖಾಲಾ ಮೂವತ್ತು ವರ್ಷ ತುಂಬಿದ ಮನೆಗೆ ಸೌದೆ ಒಲೆಯಲ್ಲಿ ಅಡುಗೆ ಮಾಡಿದವರು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಊದುಗೊಳವೆ ಹಿಡಿದು ಒಲೆಗೆ ಉಸಿರು ಕೊಟ್ಟೂ ಕೊಟ್ಟೂ ಐವತ್ತು ದಾಟುವಷ್ಟರಲ್ಲಿ ತಮ್ಮ ಉಸಿರನ್ನೇ ಕಳೆದುಕೊಂಡರು. ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ನಾವು ಅದನ್ನು ದಮಾ ಎನ್ನುತ್ತಿದ್ದೆವು, ಪಕ್ಕದ ಮನೆಯವರು ಗೂರಲು ಎನ್ನುತ್ತಿದ್ದರು. ಉರ್ದುವಿನಲ್ಲಿ ದಮ್ ಎಂದರೆ ಉಸಿರು, ಜೀವ. ದಮಾ ಎಂದರೆ ಆ ಉಸಿರನ್ನೇ ಕಾಡುವ ರೋಗ.

ಡಾಕ್ಟರು ಹೇಳಿದ್ದು ಒಂದೇ ಮಾತು: "ಓಡಾಡಲು ಬಿಡಬೇಡಿ, ಆರಾಮಾಗಿ ಮಲಗಿರಲಿ." ನಾವು ಪ್ರೀತಿಯಿಂದಲೇ ಪಾಲಿಸಿದೆವು. ನೀರಿನ ಲೋಟವನ್ನೂ ಕೈಗೇ ತಂದು ಕೊಟ್ಟೆವು. ಎರಡು ವರ್ಷದಲ್ಲಿ ಖಾಲಾಗೆ ಮಂಚದಿಂದ ಏಳಲೂ ಆಗದಂತಾಯಿತು. ಇದು 1980ರ ದಶಕದ ಕೊನೆಯ ಮಾತು. ಆ ಸಲಹೆ ತಪ್ಪೆಂಬುದು ಜಗತ್ತಿನ ಇನ್ನೊಂದು ಮೂಲೆಯಲ್ಲಿ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಗೊತ್ತಾಗಿತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಉಸಿರು ಸಾಲದವನು ಸುಮ್ಮನೆ ಮಲಗಬೇಕು ಎಂಬುದು ಬಹುಕಾಲ ಎಲ್ಲ ದೇಶಗಳ ವೈದ್ಯರ ನಂಬಿಕೆಯಾಗಿತ್ತು. ಇದಕ್ಕೆ ಎದುರಾಗಿ ಅಮೆರಿಕದ ಡೆನ್ವರ್ ನಗರದ ವೈದ್ಯ ಚಾರ್ಲ್ಸ್ ಡೆನಿಸನ್, ಶ್ವಾಸಕೋಶದ ರೋಗಿಗಳಿಗೆ ವ್ಯಾಯಾಮವೂ ಬೇಕು ಎಂದು 1895ರಲ್ಲೇ ಪುಸ್ತಕ ಬರೆದ. ಅದು ವೈದ್ಯಲೋಕದ ರೂಢಿಯನ್ನು ಬದಲಿಸಲಿಲ್ಲ. 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಆಲ್ವನ್ ಬ್ಯಾರಕ್, ಆಮ್ಲಜನಕದ ನೆರವಿನಿಂದ ರೋಗಿಗಳನ್ನು ನಡೆಸಿದರೆ ಅವರ ಶಕ್ತಿ ಮರಳುತ್ತದೆ ಎಂದು ಬರೆದರು. 1960ರ ದಶಕದಲ್ಲಿ ಮತ್ತೆ ಅದೇ ಡೆನ್ವರಿನಲ್ಲಿ ಥಾಮಸ್ ಪೆಟ್ಟಿ ಮತ್ತು ಅವರ ಸಂಗಡಿಗರು ಹೊತ್ತೊಯ್ಯಬಹುದಾದ ಆಮ್ಲಜನಕದ ಸಿಲಿಂಡರು, ನಡಿಗೆ, ಉಸಿರಾಟದ ತರಬೇತಿ, ರೋಗದ ತಿಳಿವಳಿಕೆ ಎಲ್ಲವನ್ನೂ ಒಂದುಗೂಡಿಸಿದರು. ಅದರ ವರದಿ 1969ರಲ್ಲಿ ಹೊರಬಂತು. ಇಂದು ಶ್ವಾಸಕೋಶ ಪುನಶ್ಚೇತನ ಎನ್ನುವ ಚಿಕಿತ್ಸೆ ಬೆಳೆದದ್ದು ಇಂಥ ಪ್ರಯತ್ನಗಳಿಂದ.

ಇದರ ಗುಟ್ಟು ಸರಳ. ಹಾಳಾದ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ. ಆದರೆ ಉಸಿರಾಡಲು ಹೆದರಿ ಕೂತವನ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಅದೇ ಕೆಲಸಕ್ಕೆ ಹೆಚ್ಚು ಉಸಿರು ಬೇಡುತ್ತದೆ. ಉಸಿರು ಸಾಲದೆ ಆತ ಮತ್ತೆ ಕೂರುತ್ತಾನೆ. ಈ ಸುಳಿಯನ್ನು ಕತ್ತರಿಸುವ ಜಾಗ ಎದೆಯಲ್ಲಿಲ್ಲ, ಕಾಲಿನಲ್ಲಿದೆ. ಆರೆಂಟು ವಾರ ಕ್ರಮವಾಗಿ ನಡೆಯುವುದು, ಕುರ್ಚಿಯಿಂದ ಎದ್ದು ಕೂರುವುದು, ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದು, ಇಷ್ಟರಿಂದಲೇ ಬಹಳ ಜನ ಮತ್ತೆ ಅಂಗಳಕ್ಕೆ ಬರುತ್ತಾರೆ. 2015ರಲ್ಲಿ ಕೊಕ್ರೇನ್ ಸಂಸ್ಥೆ 65 ಪ್ರಯೋಗಗಳ, 3,822 ರೋಗಿಗಳ ಫಲಿತಾಂಶವನ್ನು ಒಟ್ಟಿಗಿಟ್ಟು ನೋಡಿತು. ಇದರಿಂದ ಉಪಯೋಗವಿದೆಯೇ ಎಂದು ಪರೀಕ್ಷಿಸಲು ಇಂಥ ಪ್ರಯೋಗಗಳು ಇನ್ನು ಬೇಕಿಲ್ಲ ಎನ್ನುವಷ್ಟು ಪುರಾವೆ ಸಿಕ್ಕಿತ್ತು.

ಹಾಗಾದರೆ ತೊಡಕೇನು? ದೂರ. ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಬರಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಉಸಿರಿಲ್ಲದವರಿಗೆ, ಉಸಿರು ಕಲಿಸುವ ಜಾಗಕ್ಕೆ ಬಸ್ಸಿನಲ್ಲಿ ಬನ್ನಿ ಎಂದರೆ ಹೇಗೆ?

ಈ ದೂರಕ್ಕೆ ಮದ್ದು ಹುಡುಕಿದ ಕತೆಯೂ ಹಳೆಯದೇ. ಗ್ರಹಾಂ ಬೆಲ್ ದೂರವಾಣಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಮೂರೇ ವರ್ಷಕ್ಕೆ, 1879ರಲ್ಲಿ, ಲಂಡನ್ನಿನ 'ಲ್ಯಾನ್ಸೆಟ್' ವೈದ್ಯ ಪತ್ರಿಕೆ ಒಂದು ಪ್ರಸಂಗವನ್ನು ಅಚ್ಚು ಹಾಕಿತು. ನಡುರಾತ್ರಿ ಮಗುವಿಗೆ ಕೆಮ್ಮು. ಗಂಟಲು ಕಟ್ಟುವ ಕ್ರೂಪ್ ರೋಗವಿರಬಹುದೆಂದು ಮನೆಯವರಿಗೆ ಭಯ. ವೈದ್ಯ ಮಗುವನ್ನು ಫೋನಿನ ಬಳಿ ಹಿಡಿಯಲು ಹೇಳಿ ಕೆಮ್ಮು ಕೇಳಿಸಿಕೊಂಡ, ಇದು ಕ್ರೂಪ್ ಅಲ್ಲ ಎಂದು ಧೈರ್ಯ ಹೇಳಿದ. ಫೋನಿನ ಮೂಲಕ ವೈದ್ಯರ ಕಿವಿಗೆ ಬಿದ್ದ ಮೊದಮೊದಲ ಸದ್ದುಗಳಲ್ಲಿ ಕೆಮ್ಮೂ ಒಂದು ಎಂಬುದು ನನ್ನಂಥ ಕತೆಗಾರನಿಗೆ ಮರೆಯಲಾಗದ ಸಂಗತಿ.

ನಮ್ಮ ನಾಡಿನಲ್ಲಿ ದೂರವೈದ್ಯ ಮೊದಲು ಗಮನ ಕೊಟ್ಟದ್ದು ಹೃದಯಕ್ಕೆ. 2002ರಲ್ಲಿ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಕಾಡಂಚಿನ ಊರಿನ ರೋಗಿಯ ಇಸಿಜಿಯನ್ನು ಬೆಂಗಳೂರಿನ ವೈದ್ಯರು ನೋಡಿದರು. ಅದು ದೊಡ್ಡ ಹೆಜ್ಜೆಯೇ. ಆದರೆ ದಮ್ಮಿನ ರೋಗಿಗೆ ಬೇಕಾದದ್ದು ಒಂದು ದಿನದ ಪರೀಕ್ಷೆಯಲ್ಲ, ವಾರ ವಾರ ಕೈಹಿಡಿದು ನಡೆಸುವ ದನಿ.

ಅಂಥ ದನಿಯನ್ನು ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಆ್ಯನ್ ಹಾಲೆಂಡ್ ಅವರ ತಂಡ ಪರೀಕ್ಷಿಸಿ ನೋಡಿತು. 166 ರೋಗಿಗಳಲ್ಲಿ ಒಂದು ಗುಂಪು ಆಸ್ಪತ್ರೆಗೆ ಬಂದಿತು. ಇನ್ನೊಂದು ಗುಂಪಿನವರ ಮನೆಗೆ ಫಿಸಿಯೋಥೆರಪಿಸ್ಟ್ ಒಂದೇ ಸಲ ಹೋದರು, ಆಮೇಲೆ ವಾರಕ್ಕೊಂದರಂತೆ ಏಳು ಫೋನ್ ಕರೆ. ವಿಡಿಯೋ ಇಲ್ಲ, ದುಬಾರಿ ಯಂತ್ರವಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತರಬೇತಿ ಮುಗಿದಾಗ ಮನೆಯಲ್ಲಿದ್ದವರ ಚೇತರಿಕೆ ಆಸ್ಪತ್ರೆಗೆ ಬಂದವರಿಗಿಂತ ಕಡಿಮೆಯಿರಲಿಲ್ಲ. ಆದರೆ ಒಂದು ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪಿನವರು ಗಳಿಸಿದ್ದನ್ನು ಉಳಿಸಿಕೊಳ್ಳಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ದನಿ ನಿಂತರೆ ಕಾಲೂ ನಿಲ್ಲುತ್ತದೆ.

2020ರಲ್ಲಿ ಕೊರೋನಾ ಬಂದು ಆಸ್ಪತ್ರೆಗಳ ವ್ಯಾಯಾಮ ಕೊಠಡಿಗಳು ಮುಚ್ಚಿದಾಗ ಫೋನು ಅನಿವಾರ್ಯವಾಯಿತು. ಭಾರತದಲ್ಲಿ ಆ ವರ್ಷದ ಮಾರ್ಚಿನಲ್ಲಿ ದೂರವೈದ್ಯಕ್ಕೆ ಸ್ಪಷ್ಟ ನಿಯಮಗಳು ಬಂದವು. 2021ರಲ್ಲಿ ಕೊಕ್ರೇನ್ 15 ಅಧ್ಯಯನಗಳನ್ನು ನೋಡಿ, ದೂರದಿಂದ ಕಲಿಸಿದರೂ ಫಲ ಹೆಚ್ಚು ಕಡಿಮೆ ಅಷ್ಟೇ ಎಂದಿತು. ತರಬೇತಿಯನ್ನು ಕೊನೆಯವರೆಗೆ ಮುಗಿಸಿದವರು ಆಸ್ಪತ್ರೆಗೆ ಬಂದವರಲ್ಲಿ ನೂರಕ್ಕೆ 70, ಮನೆಯಲ್ಲಿ ಕಲಿತವರಲ್ಲಿ ನೂರಕ್ಕೆ 93. ಎಚ್ಚರವೂ ಬೇಕು. ನಡೆಯುವಾಗ ಯಾರ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಯಾರ ಹೃದಯ ದುರ್ಬಲ ಎಂಬುದನ್ನು ಮೊದಲು ವೈದ್ಯರೇ ನೋಡಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಆ ಕಾರಣಕ್ಕೇ ಬೇಕು.

ಇನ್ನು ನಮ್ಮ ಮನೆಗಳ ಮಾತು. ದೆಹಲಿಯ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿ ಮತ್ತು ಅವರ ಸಹೋದ್ಯೋಗಿ ಶ್ವಾಸಕೋಶದ ಕಾಯಿಲೆಯಿಂದ ಹೃದಯ ಸೋತವರ ಬಗ್ಗೆ 1959ರಲ್ಲೇ ಬರೆದಿದ್ದರು. ಆ ರೋಗಿಗಳಲ್ಲಿ ಹೆಂಗಸರೂ ಇದ್ದರು, ಅನುಮಾನ ಅಡುಗೆ ಒಲೆಯ ಹೊಗೆಯ ಕಡೆಗೆ ತಿರುಗಿತು. 2016ರ ಒಂದು ಅಂದಾಜಿನಂತೆ ಭಾರತದಲ್ಲಿ ಸಿಓಪಿಡಿ ಎಂಬ ಈ ದೀರ್ಘಕಾಲದ ಕಾಯಿಲೆ ಇದ್ದವರು ಸುಮಾರು ಐದೂವರೆ ಕೋಟಿ. ಅಷ್ಟು ಜನರಿಗೆ ಪುನಶ್ಚೇತನ ಕೇಂದ್ರ ಕಟ್ಟುವುದು ಸದ್ಯಕ್ಕೆ ಕನಸು. ಫೋನು ಕನಸಲ್ಲ, ಮನೆಮನೆಯಲ್ಲಿದೆ. ಆದರೆ ಯಾರ ಕಿಸೆಯಲ್ಲಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಎಂದ ಮಹಿಳೆಯರು ನೂರಕ್ಕೆ 54 ಮಾತ್ರ. ಅದೂ ಹದಿನೈದರಿಂದ ನಲವತ್ತೊಂಬತ್ತರ ವಯಸ್ಸಿನವರ ಲೆಕ್ಕ. ಖಾಲಾನಂಥವರು ಆ ಲೆಕ್ಕದಲ್ಲೇ ಇಲ್ಲ.

ಡೆನ್ವರಿನಿಂದ ನಮ್ಮ ಓಣಿಗೆ ಬರಬೇಕಿದ್ದದ್ದು ಯಂತ್ರವಲ್ಲ, "ಎದ್ದು ನಾಲ್ಕು ಹೆಜ್ಜೆ ನಡೆಯಿರಿ" ಎಂಬ ಒಂದು ಮಾತು. ಆ ಮಾತು ಖಾಲಾ ಇದ್ದಾಗ ಬರಲಿಲ್ಲ. ಈಗ ತಂತಿಯೂ ಬೇಡದೆ ಅದು ಬರಬಲ್ಲದು. ಮಾತು ಹೇಳಬಲ್ಲವರನ್ನು ಪ್ರತಿ ತಾಲ್ಲೂಕಿನಲ್ಲಿ ನೇಮಿಸುವುದು ಸರ್ಕಾರದ ಕೆಲಸ. ವಾರಕ್ಕೆ ಅರ್ಧ ಗಂಟೆ ನಮ್ಮ ಕೈಯ ಫೋನನ್ನು ಮನೆಯ ಅಮ್ಮನ ಕೈಗೆ ಕೊಟ್ಟು, ಆಕೆಯ ಜೊತೆ ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ಹಾಕುವುದು ನಮ್ಮ ಕೆಲಸ.