ಕಡಲ ಉಪ್ಪು, ಬಯಲ ಲಿಂಬೆ

ಕಿತ್ತೂರು ಎಂದೊಡನೆ 1824ರಲ್ಲಿ ಆಂಗ್ಲರನ್ನು ಎದುರಿಸಿ ನಿಂತ ರಾಣಿ ಚೆನ್ನಮ್ಮನ ನೆನಪು. ಬೈಲಹೊಂಗಲವೆಂದರೆ 1829ರಲ್ಲಿ ಆ ರಾಣಿ ಸೆರೆಯಲ್ಲಿಯೇ ಕಣ್ಣುಮುಚ್ಚಿದ ಕೋಟೆ. ಸವದತ್ತಿಯೆಂದರೆ ಎಲ್ಲಮ್ಮನ ಗುಡ್ಡ. ರಾಮದುರ್ಗವೆಂದರೆ ಭಾವೆ ಮನೆತನದ ಸಂಸ್ಥಾನ. ನಾಡಿನ ಈ ಭಾಗದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸಿಬಿಡುತ್ತೇವೆ. ಆದರೆ ಇಲ್ಲಿಯ ಮನೆಮನೆಯ ಅಡಿಗೆಕೋಣೆಯ ಮಾಡದಲ್ಲಿ, ಬಾಯಿಗೆ ಬಿಳಿಯ ಅರಿವೆ ಕಟ್ಟಿಸಿಕೊಂಡು ಕುಳಿತ ಲಿಂಬೆಕಾಯಿಯ ಭರಣಿಗೂ ಒಂದು ಇತಿಹಾಸವುಂಟು. ಅದು ಕೋಟೆಯ ಇತಿಹಾಸಕ್ಕಿಂತ ಹಳೆಯದು.

ಆ ಭರಣಿಯಲ್ಲಿರುವ ವಸ್ತುಗಳು ಎರಡೇ. ಲಿಂಬೆ ನಮ್ಮ ಬಯಲುಸೀಮೆಯದು. ಬಾವಿಯ ದಂಡೆಯಲ್ಲಿಯೋ ಹಿತ್ತಲಿನಲ್ಲಿಯೋ ಬೆಳೆದದ್ದು, ಇಲ್ಲವೆ ಲಿಂಬೆಗೆ ಹೆಸರಾದ ಇಂಡಿಯ ಕಡೆಯಿಂದ ಸಂತೆಗೆ ಬಂದದ್ದು. ಉಪ್ಪು ಮಾತ್ರ ನಮ್ಮದಲ್ಲ. ಅದು ಸಹ್ಯಾದ್ರಿಯ ಆಚೆಗಿನ ಕಡಲಿನದು. ಬೆಟ್ಟದ ನೆಲ್ಲಿಯೂ ಕಡಲಿನ ಉಪ್ಪೂ ಒಂದೆಡೆ ಕೂಡುವುದನ್ನು ಕಂಡು ಅಲ್ಲಮಪ್ರಭುಗಳು ಹನ್ನೆರಡನೆಯ ಶತಮಾನದಲ್ಲಿಯೇ ಒಂದು ವಚನದಲ್ಲಿ ಬೆರಗುಪಟ್ಟಿದ್ದಾರೆ. ಅದು ಅನುಭಾವದ ಮಾತು, ನಿಜ. ಆದರೂ ಕೇಳುವವರ ಮನೆಯಲ್ಲಿ ಕಾಯಿಗೆ ಉಪ್ಪು ಹಾಕಿಡುವ ರೂಢಿ ಇದ್ದುದರಿಂದಲೇ ಆ ಹೋಲಿಕೆ ಅವರ ಮನಸ್ಸಿಗೆ ನಾಟಿತೆಂದು ನಾವು ಊಹಿಸಬಹುದು.

ಉಪ್ಪು ಹಾಕಿದ ಲಿಂಬೆಯ ವಿಷಯದಲ್ಲಿ ಊಹೆಯ ಅವಶ್ಯಕತೆಯೇ ಇಲ್ಲ. ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದು ಅಲ್ಲಿಯ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದ. ಅಲ್ಲಿ ತಾನು ಉಂಡ ಊಟವನ್ನು ಅವನು ಒಂದೊಂದಾಗಿ ವರ್ಣಿಸುತ್ತಾನೆ. ಅನ್ನ, ಅದರ ಮೇಲೆ ತುಪ್ಪ, ಜೊತೆಗೆ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿ ಶುಂಠಿ, ಲಿಂಬೆ, ಮಾವು. ಈ ಎಲೆಯನ್ನು ಇಂದಿನ ಯಾವ ಕನ್ನಡಿಗನೂ ಗುರುತಿಸಿಯಾನು. ಆ ಪ್ರವಾಸಿಗೂ ಇದು ಹೊಸ ರುಚಿಯೇನಾಗಿರಲಿಲ್ಲ. ಲಿಂಬೆಗೆ ಉಪ್ಪು ತುಂಬಿಡುವ ಪದ್ಧತಿ ಅವನ ನಾಡಿನಲ್ಲಿಯೂ ಇತ್ತು, ಇಂದಿಗೂ ಇದೆ. ಅದಕ್ಕೂ ಮೊದಲು, ಹನ್ನೆರಡನೆಯ ಶತಮಾನದಲ್ಲಿ, ಈಜಿಪ್ತಿನ ಸಲಾದೀನನ ಆಸ್ಥಾನವೈದ್ಯ ಇಬ್ನ್ ಜುಮೈ ಲಿಂಬೆಯ ಮೇಲೆಯೇ ಒಂದು ಗ್ರಂಥ ಬರೆದು, ಅದರಲ್ಲಿ ಉಪ್ಪಿನ ಲಿಂಬೆಯ ವಿಧಾನವನ್ನು ಹೇಳಿದ್ದಾನೆ. ಕಡಲ ದಾರಿಯ ದೂರಪ್ರಯಾಣಕ್ಕೆಂದು ಉಪ್ಪು ಹಾಕಿದ ಲಿಂಬೆ ಮಾವುಗಳನ್ನು ದೊಡ್ಡ ಜಾಡಿಗಳಲ್ಲಿ ತುಂಬಿಸಿ ಕೊಡುತ್ತಿದ್ದುದನ್ನೂ ಇಬ್ನ್ ಬತೂತನೇ ಬರೆದಿಟ್ಟಿದ್ದಾನೆ. ಅವನಿಗೆ ಹಡಗು, ಎಲ್ಲಮ್ಮನ ಗುಡ್ಡಕ್ಕೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊರಟ ನಮ್ಮವರಿಗೆ ಚಕ್ಕಡಿ. ಬುತ್ತಿ ಕೆಡದಂತೆ ಕಾಯ್ದ ನೆಂಟ ಒಬ್ಬನೇ.

ಈ ನೆಂಟನನ್ನು ಬಯಲಿಗೆ ತರುವುದು ಸುಲಭವಾಗಿರಲಿಲ್ಲ. ಲಮಾಣಿಗರ ಹೇರೆತ್ತುಗಳು ಘಟ್ಟದ ಕೆಳಗೆ ಧಾನ್ಯ ಒಯ್ದು, ಗೋವೆ ಮತ್ತು ಉತ್ತರ ಕನ್ನಡದ ಉಪ್ಪಿನ ಆಗರಗಳಿಂದ ಉಪ್ಪು ಹೇರಿಕೊಂಡು ಬರುತ್ತಿದ್ದವು. ಒಳನಾಡಿನಲ್ಲಿ ಚೌಳು ಮಣ್ಣನ್ನು ತೊಳೆದು ಉಪ್ಪು ತೆಗೆಯುವ ಕಸುಬು ಉಪ್ಪಾರರದಾಗಿತ್ತು. ಆ ಕುಲದ ಹೆಸರೇ ಅದಕ್ಕೆ ಸಾಕ್ಷಿ. ಬ್ರಿಟಿಷರು ಬಂದ ಮೇಲೆ ಈ ಎರಡೂ ದಾರಿಗಳಿಗೆ ಕಾವಲು ಬಿತ್ತು. ಮಣ್ಣಿನಿಂದ ಅಪ್ಪಣೆಯಿಲ್ಲದೆ ಉಪ್ಪು ತೆಗೆಯುವುದು ಅಪರಾಧವಾಯಿತು. 1878ರ ಒಪ್ಪಂದದಿಂದ ಪೋರ್ತುಗೀಜರ ಗೋವೆಯ ಉಪ್ಪು ಕೂಡ ಕೆಲವು ವರ್ಷ ಬ್ರಿಟಿಷರ ಹಿಡಿತಕ್ಕೆ ಸೇರಿತು. 1880ರ ದಶಕದಲ್ಲಿ ಬೆಳಗಾವಿ ಧಾರವಾಡಗಳಿಗೆ ರೈಲು ಬಂದಿತು, ಹೇರೆತ್ತಿನ ಕಾಲ ಮುಗಿಯುತ್ತ ಬಂದಿತು. ಆದರೆ ನಮ್ಮ ಈ ನಾಲ್ಕು ಊರುಗಳನ್ನು ಆ ರೈಲು ಮುಟ್ಟಲಿಲ್ಲ. ಉಪ್ಪಿನ ಚೀಲ ನಿಲ್ದಾಣದಲ್ಲಿಳಿದು ಮತ್ತೆ ಚಕ್ಕಡಿ ಏರಬೇಕಾಗಿತ್ತು.

ಇನ್ನು ಕರದ ಮಾತು. 1882ರಲ್ಲಿ ಒಂದು ಮಣ, ಎಂದರೆ ಸುಮಾರು 37 ಕಿಲೊ ಉಪ್ಪಿನ ಮೇಲೆ ಎರಡು ರೂಪಾಯಿ ಇದ್ದ ಕರ, 1888ರಲ್ಲಿ ಎರಡೂವರೆಯಾಯಿತು. 1903ರಿಂದ ಇಳಿಯುತ್ತ 1907ರಲ್ಲಿ ಒಂದು ರೂಪಾಯಿಗೆ ಬಂದು, 1923ರಲ್ಲಿ ಮತ್ತೆ ಎರಡೂವರೆಗೆ ಏರಿತು. ಮರುವರ್ಷ ಅದರ ಅರ್ಧಕ್ಕಿಳಿಯಿತು. ಕರವನ್ನು ಉಪ್ಪು ಹುಟ್ಟುವ ಸ್ಥಳದಲ್ಲಿಯೇ ಕಟ್ಟಿಸಿಕೊಳ್ಳುತ್ತಿದ್ದುದರಿಂದ, ರಾಮದುರ್ಗ ಬೇರೆ ಸಂಸ್ಥಾನವಾಗಿದ್ದರೂ ಅಲ್ಲಿಯವರಿಗೆ ಬಿಡುಗಡೆ ಇರಲಿಲ್ಲ. ಲೆಕ್ಕ ಹಾಕಿ ನೋಡೋಣ. ನೂರು ಲಿಂಬೆಕಾಯಿಗೆ ಸುಮಾರು ಒಂದು ಕಿಲೊ ಉಪ್ಪು ಬೇಕು. ಎರಡೂವರೆ ರೂಪಾಯಿಯ ದರದಲ್ಲಿ ಅದರ ಮೇಲಿನ ಕರವೇ ಒಂದು ಆಣೆಗೆ ಮಿಕ್ಕಿತು. ಉಳ್ಳವರಿಗೆ ಇದೇನು ದೊಡ್ಡದಲ್ಲ. ಆದರೆ ದಿನವೆಲ್ಲ ದುಡಿದು ಕೆಲವೇ ಆಣೆ ಕಾಣುತ್ತಿದ್ದ ಕೂಲಿಕಾರನ ಮನೆಯಲ್ಲಿ, ಜೋಳದ ರೊಟ್ಟಿಯ ಪಕ್ಕಕ್ಕೆ ಬೇರೆ ಪಲ್ಯವಿಲ್ಲದ ದಿನ, ಆ ಉಪ್ಪಿನಕಾಯಿಯೇ ಪಲ್ಯ. ಅಂಬಲಿಗೆ ಒಂದು ಚಿಟಿಕೆ ಉಪ್ಪು ಕಡಿಮೆ ಮಾಡಿದರೆ ರುಚಿಯಷ್ಟೇ ಕೆಟ್ಟೀತು. ಭರಣಿಗೆ ಕಡಿಮೆ ಮಾಡಿದರೆ ಭರಣಿಯೇ ಕೆಟ್ಟೀತು. ಬಡವನು ಕೂಡಿಡುವ ಕಡೆಯಲ್ಲಿಯೇ ಈ ಕರ ಕೈಹಾಕಿತು.

ಗಾಂಧೀಜಿ ಉಪ್ಪನ್ನೇ ಏಕೆ ಆರಿಸಿಕೊಂಡರೆಂದು ಅಂದು ದೊಡ್ಡವರನೇಕರು ಅಚ್ಚರಿಪಟ್ಟರು. ಅಡಿಗೆಮನೆಯವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ದಾಂಡಿಯ ಬೆನ್ನಿಗೆ, 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಕನ್ನಡಿಗರು ಕಾಯಿದೆ ಮುರಿದು ಉಪ್ಪು ಮಾಡಿದರು. ಕರ ಹೋದದ್ದು ಮಾತ್ರ 1947ರಲ್ಲಿ.

ಇಂದು ಉಪ್ಪು ಅಗ್ಗ, ಕಾವಲಿಲ್ಲ. ಆದರೂ ಪೇಟೆಯ ಮನೆಗಳಲ್ಲಿ ಹಾಕಿದ ಲಿಂಬೆಕಾಯಿ ತಿಂಗಳು ತುಂಬುವುದರೊಳಗೆ ಬೂಸ್ಟು ಹಿಡಿಯಿತೆಂಬ ದೂರು ಹೆಚ್ಚುತ್ತಿದೆ. ಹಿರಿಯರ ಕ್ರಮದಲ್ಲಿ ಗುಟ್ಟೇನೂ ಇಲ್ಲ, ಒಂದೊಂದಕ್ಕೂ ಕಾರಣವುಂಟು. ಕಲೆಯಿಲ್ಲದ, ಹಳದಿಗೆ ತಿರುಗಿದ ಕಾಯಿಗಳನ್ನು ತೊಳೆದು, ಒರೆಸಿ, ನೀರಿನ ಪಸೆ ಉಳಿಯದಂತೆ ಆರಿಸಬೇಕು. ಹೊರಗಿನ ನೀರು ಉಪ್ಪನ್ನು ತೆಳುವಾಗಿಸಿ ಬೂಸ್ಟಿಗೆ ದಾರಿ ಮಾಡುತ್ತದೆ. ಕಿಲೊ ಕಾಯಿಗೆ ಕಾಲು ಕಿಲೊ ಹರಳುಪ್ಪನ್ನು ಬೆಚ್ಚಗೆ ಹುರಿದು ಪುಡಿಮಾಡಿ, ನಾಲ್ಕಾಗಿ ಹೆಚ್ಚಿದ ಹೋಳುಗಳಿಗೆ ಬೆರೆಸಿ, ಒಣಗಿದ ಪಿಂಗಾಣಿ ಅಥವಾ ಗಾಜಿನ ಭರಣಿಯಲ್ಲಿ ಒತ್ತಿ ತುಂಬಬೇಕು. ಉಪ್ಪು ಕಾಯಿಯೊಳಗಿನ ರಸವನ್ನು ಹೊರಗೆಳೆಯುತ್ತದೆ. ಆ ಹುಳಿಯೂ ಉಪ್ಪೂ ಕೂಡಿದ ರಸವೇ ಕಾಯಿಯ ಕಾವಲುಗಾರ. ಹೋಳು ರಸದಲ್ಲಿ ಮುಳುಗಿರುವವರೆಗೆ ಭಯವಿಲ್ಲ, ತಲೆಯೆತ್ತಿ ಗಾಳಿಗೆ ತಾಗಿದ ಹೋಳೇ ಮೊದಲು ಕೆಡುವುದು. ಆದುದರಿಂದ ಮೂರು ನಾಲ್ಕು ವಾರ ದಿನಕ್ಕೊಮ್ಮೆ ಕುಲುಕಬೇಕು, ರಸ ಸಾಲದಿದ್ದರೆ ಬೇರೆ ಲಿಂಬೆಯ ರಸ ಹಿಂಡಬೇಕು, ನೀರನ್ನಲ್ಲ. ಮಳೆ ಹೆಚ್ಚಿರುವ ಕಿತ್ತೂರಿನ ಕಡೆ ಬಾಯಿಯ ಅರಿವೆ ಥಂಡಿ ಹಿಡಿಯದಂತೆ ಹೆಚ್ಚು ಎಚ್ಚರ ಬೇಕು. ಒಣ ಹವೆಯ ರಾಮದುರ್ಗದಲ್ಲಿ ಅಷ್ಟು ಬೇಡ. ತೆಗೆಯುವಾಗ ಒಣಗಿದ ಮರದ ಚಮಚೆಯೇ ಆಗಬೇಕು, ಲೋಹವು ಹುಳಿಗೆ ಕಿಲುಬೀತು. ಹಸಿರು ಕಪ್ಪು ಬೂಸ್ಟು ಬೆಳೆದರೆ ಮೇಲಿನದನ್ನಷ್ಟೇ ಕೆರೆದು ತೆಗೆದು ಉಣ್ಣಬಾರದು, ಎಲ್ಲವನ್ನೂ ಚೆಲ್ಲಬೇಕು.

ಕೆಡುವುದಕ್ಕೆ ಇಂದು ಮುಖ್ಯ ಕಾರಣ, ರಕ್ತದೊತ್ತಡಕ್ಕೆ ಅಂಜಿ ಭರಣಿಗೇ ಉಪ್ಪು ಕಡಿಮೆ ಮಾಡುವುದು. ಅಂಜಿಕೆ ಸುಳ್ಳಲ್ಲ. ದಿನಕ್ಕೆ ಒಟ್ಟು ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತು ಗ್ರಾಮಿನ ಒಂದು ಹೋಳಿನಲ್ಲಿಯೇ ಎರಡು ಗ್ರಾಮಿನಷ್ಟು ಉಪ್ಪಿರುತ್ತದೆ. ಆದರೆ ಮಿತವನ್ನು ಪಾಲಿಸಬೇಕಾದ ಸ್ಥಳ ಭರಣಿಯಲ್ಲ, ಎಲೆ. ನಮ್ಮ ಹಿರಿಯರು ಎಲೆಯ ತುದಿಯಲ್ಲಿ ಬೆರಳಿನಷ್ಟೇ ಬಡಿಸಿದರು, ಭರಣಿಗೆ ಮಾತ್ರ ಕರ ತೆತ್ತಾದರೂ ತುಂಬ ಸುರಿದರು. ಕರವಿಲ್ಲದ ಕಾಲದ ನಾವು ಅಲ್ಲಿ ಜಿಪುಣರಾಗಿ, ಎಲೆಯ ಮೇಲೆ ಧಾರಾಳಿಗಳಾದರೆ, ಲಿಂಬೆಯೂ ಉಳಿಯದು, ಆರೋಗ್ಯವೂ ಉಳಿಯದು.